ಸಂತ ಜೋಸೆಫ್ ವಾಜ್ ಜೆಸ್ವಿಟರೇ? ಅಲ್ಲ, ಇನ್ನೊಮ್ಮೆ ಹೇಳುತ್ತೇವೆ

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಸೇವೆ ಮಾಡಿ ಆಮೇಲೆ ಶ್ರೀಲಂಕಾಕ್ಕೆ ಹೋದ ಸಂತ ಜೋಸೆಫ್ ವಾಜ್ ಯೇಸುಸಭೆಯ ಗುರುಗಳು, ಅಂದರೆ ಜೆಸ್ವಿಟರು, ಅಲ್ಲವೇ? ಕೆಲವರು ‘ಒರೆಟರಿ’ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಒರೆಟರಿಯೇ ಸರಿ. ಸಭಾವ್ರತ ತೊಡದೆ ಒಂದೇ ಮನೆಯಲ್ಲಿ ಒಟ್ಟಾಗಿ ಬಾಳುವ ಗುರುಗಳ ಗುಂಪು ಅದು. ಜನವರಿ 16ರ ಹಬ್ಬ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂತು. ಅವರು ಯೇಸುಸಭೆಗೆ ಒಂದು ದಿನದ ಮಟ್ಟಿಗೂ ಸೇರಿದವರಲ್ಲ.

ಈ ತಪ್ಪು ಎಲ್ಲಿಂದ ಹುಟ್ಟಿತು ಎಂಬುದು ಗೊತ್ತಿರುವ ವಿಷಯವೇ. ಅವರು ಗೋವಾದಲ್ಲಿ ಜೆಸ್ವಿಟರ ಸಂತ ಪಾವ್ಲರ ಕಾಲೇಜಿನಲ್ಲಿ ಓದಿದ್ದು ನಿಜ. ಆದರೆ ತತ್ವಶಾಸ್ತ್ರ, ದೈವಶಾಸ್ತ್ರ ಕಲಿತದ್ದು ಡೊಮಿನಿಕನ್ನರು ಎಂಬ ಇನ್ನೊಂದು ಸಭೆಯವರ (ಸಭೆ ಎಂದರೆ ವ್ರತ ತೊಟ್ಟವರ ಸಂಘ) ಬಳಿ. ಓದಿದ ಜಾಗದಿಂದಲೇ ಸಭೆ ತೀರ್ಮಾನವಾಗುವುದಾದರೆ ಅವರನ್ನು ಡೊಮಿನಿಕನ್ ಎನ್ನಬೇಕಿತ್ತು. ಹಾಗೆ ಯಾರೂ ಅನ್ನುವುದಿಲ್ಲ. ಎರಡನೆಯದು ಮಂಗಳೂರಿನ ಅಭ್ಯಾಸಬಲ. ಅಲ್ಲಿ ಹಳೆಯ ಫಾದರ್ ಎಂದರೆ ಜೆಸ್ವಿಟ್ ಎಂದೇ ಲೆಕ್ಕ. ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಕೊನೆಗೆ, ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ವಾಜ್ ತೀರಿಕೊಂಡದ್ದು 1711ರಲ್ಲಿ! ಇದರ ಮೇಲೆ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದ ಪೋಪ್ ಫ್ರಾನ್ಸಿಸ್ ಸ್ವತಃ ಜೆಸ್ವಿಟರು. ತಪ್ಪು ಇನ್ನಷ್ಟು ಗಟ್ಟಿಯಾಯಿತು.

ಇಷ್ಟಕ್ಕೂ ಅವರು ಬಯಸಿದ್ದರೂ ಆ ಬಾಗಿಲು ತೆರೆಯುತ್ತಿರಲಿಲ್ಲ. 17ನೇ ಶತಮಾನದ ಗೋವಾದಲ್ಲಿ ಯುರೋಪಿನ ಸಭೆಗಳು ಇಲ್ಲಿನವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿದ್ದದ್ದು ತೀರಾ ಅಪರೂಪ. ಹಿಂದಿನ ಶತಮಾನದಲ್ಲಿ ಕೊಲ್ಲಂನ ಪೇದ್ರೊ ಲೂಯಿಸ್ ಮೊದಲ ಭಾರತೀಯ ಜೆಸ್ವಿಟರಾಗಿದ್ದರು, ಆಮೇಲೆ ಆ ದಾರಿ ಮುಂದುವರಿಯಲಿಲ್ಲ. ಬೆನಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ವಾಜ್ ಅವರಂಥ ಗೋವಾದ ಹುಡುಗನಿಗೆ ಉಳಿದಿದ್ದು ಧರ್ಮಪ್ರಾಂತ್ಯದ ಗುರು, ಅಂದರೆ ಯಾವ ಸಭೆಗೂ ಸೇರದೆ ಬಿಷಪ್ ಕೈಕೆಳಗೆ ದುಡಿಯುವ ಗುರುವಾಗುವುದೊಂದೇ. 1676ರಲ್ಲಿ ಅವರಿಗೆ ಗುರುದೀಕ್ಷೆಯಾದದ್ದೂ ಹಾಗೆಯೇ. 1677ರಲ್ಲಿ ತಾನು ಮಾತೆ ಮರಿಯಳ ದಾಸ ಎಂದು ಅವರು ಬರೆದುಕೊಟ್ಟ ಪತ್ರವನ್ನು ಕೆಲವರು ಸನ್ಯಾಸ ವ್ರತವೆಂದು ತೋರಿಸುತ್ತಾರೆ. ಅದು ಖಾಸಗಿ ಭಕ್ತಿಯ ಪ್ರತಿಜ್ಞೆ. ಅದಕ್ಕೂ ಯಾವ ಸಭೆಗೂ ಸಂಬಂಧವಿಲ್ಲ.

ಈಗ ಒರೆಟರಿ. ಗೋವಾದ ಕೆಲವು ಸ್ಥಳೀಯ ಗುರುಗಳು ಆಗಲೇ ಒಟ್ಟಾಗಿ ಬಾಳತೊಡಗಿದ್ದರು. ವಾಜ್ 1685ರಲ್ಲಿ ಹಳೇ ಗೋವಾದ ಗುಡ್ಡದ ಮೇಲಿನ ಪವಾಡದ ಶಿಲುಬೆಯ ಇಗರ್ಜಿಯಲ್ಲಿ ಅವರನ್ನು ಸೇರಿಕೊಂಡರು, ಬೇಗನೆ ಅವರ ಮುಖ್ಯಸ್ಥರೂ ಆದರು. ಸಂತ ಫಿಲಿಪ್ ನೇರಿ ರೋಮ್‌ನಲ್ಲಿ ಕಟ್ಟಿದ್ದ, 1575ರಲ್ಲಿ ಪೋಪ್ ಮನ್ನಣೆ ಪಡೆದಿದ್ದ ಒರೆಟರಿಯ ನಿಯಮಗಳನ್ನು ಲಿಸ್ಬನ್ ಮನೆಯ ಮಾದರಿಯಲ್ಲಿ ಈ ಗುಂಪಿಗೆ ಅಳವಡಿಸಿದರು. ಅವರನ್ನು ಸ್ಥಾಪಕರು ಎನ್ನುವುದು ಈ ಅರ್ಥದಲ್ಲಿ. ಗುಂಪನ್ನು ಮೊದಲು ಕೂಡಿಸಿದವರು ಅವರಲ್ಲ.

ಒರೆಟರಿಯವರು ಬಡತನ, ಬ್ರಹ್ಮಚರ್ಯ, ವಿಧೇಯತೆಯ ಸಭಾವ್ರತಗಳನ್ನು ತೊಡುವುದಿಲ್ಲ. ಗುರುವಾದ ಮೇಲೆ ಬ್ರಹ್ಮಚರ್ಯ ಹೇಗೂ ಇದ್ದದ್ದೇ. ಸ್ವಂತ ಆಸ್ತಿ ಇಟ್ಟುಕೊಳ್ಳಬಹುದು. ಪ್ರತಿ ಮನೆಯೂ ಸ್ವತಂತ್ರ, ಮುಖ್ಯಸ್ಥರನ್ನು ಅಲ್ಲಿನವರೇ ಆರಿಸುತ್ತಾರೆ. ದೇಶದೇಶಕ್ಕೆ ವರ್ಗ ಮಾಡುವ ಮೇಲಧಿಕಾರಿ ಇಲ್ಲ. ಯೇಸುಸಭೆಯಲ್ಲಿ ಇದು ಹೆಚ್ಚುಕಡಿಮೆ ಎಲ್ಲದರಲ್ಲೂ ತಿರುಗುಮುರುಗು. ಇಂದಿಗೂ ಹೆಸರಿನ ಕೊನೆಗೆ ‘ಎಸ್.ಜೆ.’ ಇದ್ದರೆ ಜೆಸ್ವಿಟ್, ‘ಸಿ.ಒ.’ ಇದ್ದರೆ ಒರೆಟರಿ. ಕಪ್ಪು ನಿಲುವಂಗಿ ನೋಡಿ ಊಹಿಸಬೇಡಿ.

ಯಾರೂ ಕೇಳದ ಒಂದು ಮಾತು: ನಮ್ಮ ಕೆನರಾದಲ್ಲಿ ಅವರಿದ್ದದ್ದು 1681ರಿಂದ 1684ರವರೆಗೆ, ಕೆಳದಿ ಚೆನ್ನಮ್ಮನ ಕಾಲದಲ್ಲಿ. ಆಗ ಅವರು ಒರೆಟರಿಯವರೂ ಅಲ್ಲ! ಗೋವಾದ ಆರ್ಚ್‌ಬಿಷಪ್ ಕಡೆಯಿಂದ ಬಂದ ಸಾಮಾನ್ಯ ಧರ್ಮಪ್ರಾಂತ್ಯದ ಗುರು. ರೋಮ್ ನೇಮಿಸಿದ್ದ ಬಿಷಪ್ ತೋಮಸ್ ದ ಕಾಸ್ತ್ರೊ ಒಂದು ಕಡೆ, ಪೋರ್ಚುಗೀಸ್ ಪದ್ರುವಾದೊ (ಇಲ್ಲಿನ ಧರ್ಮಸಭೆಯ ಮೇಲೆ ಪೋರ್ಚುಗೀಸ್ ದೊರೆಗೆ ಪೋಪ್ ಕೊಟ್ಟಿದ್ದ ಹಕ್ಕು) ಇನ್ನೊಂದು ಕಡೆ ಜಗ್ಗಾಡುತ್ತಿದ್ದಾಗ ನಡುವೆ ಸಿಕ್ಕಿ ದುಡಿದವರು. ಹಾಗಾಗಿ ‘ಮಂಗಳೂರಿಗೆ ಬಂದ ಒರೆಟರಿ ಗುರು’ ಎಂದು ಬರೆಯುವವರೂ ಸ್ವಲ್ಪ ತಿದ್ದಿಕೊಳ್ಳಬೇಕು.

ಒರೆಟರಿಯ ನಂಟು ತನ್ನ ನಿಜವಾದ ಬೆಲೆ ತೋರಿದ್ದು ಶ್ರೀಲಂಕಾದಲ್ಲಿ. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಬಿಳಿಯ ಪಾದ್ರಿ ಕಾಲಿಟ್ಟರೆ ಕೂಡಲೇ ಸಿಕ್ಕಿಬೀಳುತ್ತಿದ್ದ. ಗೋವಾದವರು ಕೂಲಿಯವರ ವೇಷದಲ್ಲಿ ಓಡಾಡಬಹುದಿತ್ತು, 1687ರಲ್ಲಿ ವಾಜ್ ಒಳಹೊಕ್ಕದ್ದೂ ವೇಷ ಮರೆಸಿಕೊಂಡೇ. ಬೆನ್ನಿಗೆ ಆಳು ಕಳಿಸಿದ್ದು ಗೋವಾದ ಆ ಒಂದು ಮನೆ. ಸಿಂಹಳದಲ್ಲಿ ಹೆಸರಾದ ಬರಹಗಾರ ಜಾಕೊಮೆ ಗೊನ್ಸಾಲ್ವಿಸ್ 1705ರಲ್ಲಿ ಬಂದದ್ದೂ ಅಲ್ಲಿಂದಲೇ. 1834ರಲ್ಲಿ ಪೋರ್ಚುಗಲ್ ಪುರುಷರ ಸಭೆಗಳನ್ನು ರದ್ದುಮಾಡಿತು, ಗೋವಾದ ಒರೆಟರಿಗೂ ಬೀಗ ಬಿತ್ತು. ಆ ಮನೆಯಿಂದ ಶ್ರೀಲಂಕಾಕ್ಕೆ ಹೊಸ ಗುರುಗಳು ಬರುವ ದಾರಿಯೂ ಮುಚ್ಚಿತು.