ಅಳು ನಿಲ್ಲಿಸಿದ ಮಗು ಒಗ್ಗಿಕೊಂಡಿತೇ?

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಫಿನ್ಲೆಂಡ್ ತನ್ನ ಸುಮಾರು 70,000 ಮಕ್ಕಳನ್ನು ಪಕ್ಕದ ಸ್ವೀಡನ್ನಿಗೆ ಕಳಿಸಿಕೊಟ್ಟಿತು. ಹೆಚ್ಚಿನ ಮಕ್ಕಳ ಜೊತೆ ಅಪ್ಪ ಅಮ್ಮ ಯಾರೂ ಹೋಗಲಿಲ್ಲ. ಕೊರಳಲ್ಲಿ ಹೆಸರು ಬರೆದ ಒಂದು ಚೀಟಿ, ಕೈಯಲ್ಲಿ ಸಣ್ಣದೊಂದು ಗಂಟು. ಕೆಲವರು ತುರ್ಕು ಬಂದರಿನಲ್ಲಿ ಹಡಗು ಹತ್ತಿದರು. ಇನ್ನು ಕೆಲವರು ರೈಲಿನಲ್ಲಿ ಉತ್ತರದ ತುದಿಯವರೆಗೆ ಹೋಗಿ, ಗಡಿ ದಾಟಿ ಹಪರಂದ ಎಂಬ ಊರಲ್ಲಿ ಇಳಿದರು. ಇಳಿದ ಮೇಲೆ ಸ್ನಾನ, ಹೇನು ತೆಗೆಯುವುದು, ಡಾಕ್ಟರ ತಪಾಸಣೆ. ಆಮೇಲೆ ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದರು. ಅಣ್ಣ ಒಂದು ಊರಿಗೆ, ತಂಗಿ ಇನ್ನೊಂದು ಊರಿಗೆ ಹೋದದ್ದೂ ಉಂಟು.

ಹೆತ್ತವರನ್ನು ದೂರುವಂತಿಲ್ಲ. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡ್ ಮೇಲೆ ದಾಳಿ ಮಾಡಿತ್ತು. 1940ರ ಮಾರ್ಚ್‌ನಲ್ಲಿ ನಿಂತ ಯುದ್ಧ 1941ರ ಜೂನ್‌ನಲ್ಲಿ ಮತ್ತೆ ಶುರುವಾಗಿ 1944ರ ಸೆಪ್ಟೆಂಬರ್‌ವರೆಗೆ ನಡೆಯಿತು. ಊರ ಮೇಲೆ ಬಾಂಬು, ಮನೆಯಲ್ಲಿ ಊಟಕ್ಕೆ ಕೊರತೆ, ಅಪ್ಪ ರಣರಂಗದಲ್ಲಿ. ಸ್ವೀಡನ್ ಯುದ್ಧದಿಂದ ಹೊರಗಿತ್ತು. ಅಲ್ಲಿ ಹಾಲು ಸಿಗುತ್ತಿತ್ತು, ರಾತ್ರಿ ಸೈರನ್ ಇರಲಿಲ್ಲ. ಮಗು ಬದುಕಿದರೆ ಸಾಕು ಅಂದುಕೊಂಡವರಿಗೆ ಬೇರೆ ದಾರಿ ಎಲ್ಲಿತ್ತು?

ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಹೊಸ ಮನೆಗೆ ಬೇಗ ಒಗ್ಗಿಕೊಂಡಂತೆ ಕಂಡರು. ಅಳು ನಿಂತಿತು, ಮೈ ತುಂಬಿಕೊಂಡಿತು, ಕೆಲವೇ ತಿಂಗಳಲ್ಲಿ ಸ್ವೀಡಿಷ್ ಬಾಯಿಗೆ ಬಂತು. ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಎಂದು ನಾವೆಲ್ಲ ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ನನಗೆ ಆ ಮಾತಿನ ಮೇಲೆಯೇ ಅನುಮಾನ. ಹೊಂದಿಕೊಂಡಿತು ಎಂದು ದೊಡ್ಡವರು ಗುರುತಿಸುವ ಲಕ್ಷಣಗಳು ಒಂದು, ಮಗುವಿನ ಒಳಗೆ ನಡೆಯುವುದು ಇನ್ನೊಂದು. ಕಳೆದ 80 ವರ್ಷಗಳ ಸಂಶೋಧನೆಯಲ್ಲಿ ಇದಕ್ಕೆ ಸಾಕಷ್ಟು ಆಧಾರ ಇದೆ.

ಮೊದಲು ಆ ಮೌನವನ್ನೇ ನೋಡೋಣ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಮನೋವಿಶ್ಲೇಷಕಿಯರು ಯುದ್ಧಕಾಲದ ಶಿಶುಮಂದಿರಗಳನ್ನು ನಡೆಸುತ್ತಿದ್ದರು. ಬಾಂಬ್ ದಾಳಿಯಿಂದ ಮನೆ ಕಳೆದುಕೊಂಡ ಮಕ್ಕಳು, ತಾಯಂದಿರು ಕೆಲಸಕ್ಕೆ ಹೋಗಲೇಬೇಕಾದ ಮನೆಯ ಮಕ್ಕಳು ಅಲ್ಲಿದ್ದರು. ಅಲ್ಲಿನ ಕೆಲಸಗಾರರು ಮಕ್ಕಳ ಮಾತು, ನಡತೆ, ನಿದ್ದೆ ಎಲ್ಲವನ್ನೂ ಬರೆದಿಡುತ್ತಿದ್ದರು. ಅದರಿಂದ ಹೊರಬಂದ ಒಂದು ವಿಷಯ ಆಗಿನ ಜನರಿಗೆ ವಿಚಿತ್ರ ಅನ್ನಿಸಿರಬೇಕು. ಪಕ್ಕದಲ್ಲಿ ತಾಯಿ ಇದ್ದು, ಅವಳು ಗಾಬರಿಯಾಗದೇ ಇದ್ದರೆ, ಪುಟ್ಟ ಮಕ್ಕಳು ಬಾಂಬಿನ ಸದ್ದನ್ನೂ ತಡೆದುಕೊಳ್ಳುತ್ತಿದ್ದರು. ತಾಯಿಯನ್ನು ಬಿಟ್ಟು ಸುರಕ್ಷಿತ ಊರಿಗೆ ಹೋದ ಮಕ್ಕಳೇ ಜಾಸ್ತಿ ಕುಸಿಯುತ್ತಿದ್ದರು.

ಅದೇ ಶಿಶುಮಂದಿರದಲ್ಲಿ ಕಟ್ಟಡದ ಚಿಲ್ಲರೆ ಕೆಲಸಕ್ಕೆ ಸೇರಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬ ಯುವಕ ಮಕ್ಕಳನ್ನು ಗಮನಿಸುವುದನ್ನು ಅಲ್ಲಿಯೇ ಕಲಿತ. ಮುಂದೆ ಅವನೂ ಮನೋವೈದ್ಯ ಜಾನ್ ಬೌಲ್ಬಿಯೂ ಸೇರಿ, ತಾಯಿಯಿಂದ ದೂರವಾದ ಪುಟ್ಟ ಮಗು ದಾಟುವ ಮೂರು ಹಂತಗಳನ್ನು ವಿವರಿಸಿದರು. ಮೊದಲು ಪ್ರತಿಭಟನೆ: ಅಳು, ಕಿರುಚಾಟ, ಬಾಗಿಲ ಕಡೆಗೇ ನೋಟ. ಆಮೇಲೆ ಹತಾಶೆ: ಮಂಕು, ಊಟ ಬೇಡ, ಆಟ ಬೇಡ. ಮೂರನೆಯದು ದೂರ ಸರಿಯುವುದು. ಈ ಹಂತದಲ್ಲಿ ಮಗು ಮತ್ತೆ ನಗುತ್ತದೆ, ಯಾರು ಎತ್ತಿಕೊಂಡರೂ ಹೋಗುತ್ತದೆ, ಕೊಟ್ಟದ್ದು ತಿನ್ನುತ್ತದೆ. ಅಮ್ಮ ಬಂದು ಎದುರಿಗೆ ನಿಂತರೆ ಮಾತ್ರ ಮುಖ ತಿರುಗಿಸುತ್ತದೆ. ನೋಡುವವರು ನೆಮ್ಮದಿಯ ಉಸಿರು ಬಿಡುವುದು ಈ ಮೂರನೇ ಹಂತದಲ್ಲಿ. ರಾಬರ್ಟ್‌ಸನ್ ಮತ್ತು ಬೌಲ್ಬಿಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದೂ ಅದೇ ಹಂತ.

ಇದರ ಇನ್ನೊಂದು ಮುಖವನ್ನು ಕಂಡವನು ಮಕ್ಕಳ ವೈದ್ಯನೂ ಮನೋವಿಶ್ಲೇಷಕನೂ ಆಗಿದ್ದ ಡೊನಾಲ್ಡ್ ವಿನಿಕಾಟ್. 1939ರ ಸೆಪ್ಟೆಂಬರ್ ಆರಂಭದ ಮೂರ್ನಾಲ್ಕು ದಿನಗಳಲ್ಲೇ ಬ್ರಿಟನ್ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿತ್ತು. ಅವರಲ್ಲಿ ಬಹುಪಾಲು ಮಕ್ಕಳು. ಆ ವರ್ಷದ ಡಿಸೆಂಬರ್‌ನಲ್ಲಿಯೇ ಬೌಲ್ಬಿ, ಎಮ್ಯಾನುಯೆಲ್ ಮಿಲ್ಲರ್ ಮತ್ತು ವಿನಿಕಾಟ್ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದು, ಐದು ವರ್ಷದೊಳಗಿನ ಮಕ್ಕಳನ್ನು ತಾಯಿಯಿಂದ ಬೇರೆ ಮಾಡುವುದು ಅಪಾಯ ಎಂದು ಎಚ್ಚರಿಸಿದ್ದರು. ಯುದ್ಧ ಮುಗಿಯುವವರೆಗೂ ವಿನಿಕಾಟ್ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಯಾವ ಮನೆಯಲ್ಲೂ ನಿಲ್ಲದ ಮಕ್ಕಳ ಹಾಸ್ಟೆಲ್‌ಗಳಿಗೆ ಸಲಹೆಗಾರನಾಗಿದ್ದ. ಹಾಸಿಗೆ ಒದ್ದೆ ಮಾಡುವವರು, ಕದಿಯುವವರು, ಓಡಿಹೋಗುವವರು ಎಲ್ಲ ಅಲ್ಲಿದ್ದರು. ಅವನಿಗೆ ಹೊಳೆದದ್ದು ಇದು: ಹೊಸ ಮನೆಗೆ ಬಂದ ಮಗು ಮೊದಮೊದಲು ತುಂಬ ಒಳ್ಳೆಯದಾಗಿಯೇ ಇರುತ್ತದೆ. ಇಲ್ಲಿ ಉಳಿಯಬಹುದು ಎಂಬ ಆಸೆ ಚಿಗುರಿದ ಮೇಲೆ ಹಠ, ತಂಟೆ ಶುರು. ತಾನು ಕೆಟ್ಟದಾಗಿ ನಡೆದುಕೊಂಡರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರಾ ಎಂದು ಅದು ಪರೀಕ್ಷೆ ಮಾಡುತ್ತಿರುತ್ತದೆ. ಆನಾ ಫ್ರಾಯ್ಡ್ ಕಂಡದ್ದೂ ಇದಕ್ಕೆ ಹತ್ತಿರವೇ. ನಾಲ್ಕೈದು ಮಕ್ಕಳಿಗೆ ಒಬ್ಬ ಸಾಕುತಾಯಿ ಎಂದು ಗುಂಪು ಮಾಡಿದಾಗ ಮೊದಲು ಎದ್ದದ್ದು ದೊಡ್ಡ ಗಲಾಟೆ. ಇವಳು ನನ್ನವಳು ಎಂಬ ಜಗಳ, ಅಸೂಯೆ, ಅವಳು ಕೋಣೆಯಿಂದ ಹೊರಗೆ ಹೋದರೆ ಅಳು. ಕೆಲವು ವಾರಗಳಲ್ಲಿ ಅದು ತಣ್ಣಗಾಯಿತು. ಅದರ ಹಿಂದೆಯೇ ಮಕ್ಕಳ ಮಾತು, ನಡತೆ ಎಲ್ಲ ಚುರುಕಾಗಿ ಬೆಳೆಯತೊಡಗಿದವು.

ಭಾಷೆಯ ವಿಷಯ ಇನ್ನೂ ಕುತೂಹಲದ್ದು. ಫಿನ್ನಿಷ್ ಮತ್ತು ಸ್ವೀಡಿಷ್ ಅಕ್ಕಪಕ್ಕದ ದೇಶದ ಭಾಷೆಗಳಾದರೂ ಒಂದಕ್ಕೊಂದು ಸಂಬಂಧವೇ ಇಲ್ಲ. ಫಿನ್ನಿಷ್ ಯುರಾಲಿಕ್ ಕುಟುಂಬದ್ದು, ಸ್ವೀಡಿಷ್ ಜರ್ಮನಿಕ್ ಗುಂಪಿನದು. ಪುಟ್ಟ ಮಕ್ಕಳು ಹೊಸದನ್ನು ಕಲಿತ ವೇಗದಲ್ಲೇ ಹಳೆಯದನ್ನು ಕಳೆದುಕೊಂಡರು. ಬಳಸದೇ ಇದ್ದರೆ ಮರೆಯುವುದು ಸಹಜ ತಾನೇ ಎನ್ನಬಹುದು. ಆದರೆ ಬಳಕೆ ಒಂದೇ ಕಾರಣ ಅಲ್ಲ.

ಭಾಷಾವಿಜ್ಞಾನಿ ಮೋನಿಕಾ ಶ್ಮಿಡ್, ನಾಜಿಗಳ ಕಾಲದಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್ ಬಿಟ್ಟು ಇಂಗ್ಲಿಷ್ ಮಾತಾಡುವ ದೇಶಗಳಿಗೆ ಹೋದ ಯಹೂದಿಗಳ ಸಂದರ್ಶನಗಳನ್ನು ಅಧ್ಯಯನ ಮಾಡಿದರು. ಎಲ್ಲರೂ ದಶಕಗಳ ಹಿಂದೆಯೇ ಊರು ಬಿಟ್ಟವರು. ವಯಸ್ಸು, ಕಾಲ, ಬಳಕೆ ಇವುಗಳಿಂದ ಯಾರ ಜರ್ಮನ್ ಎಷ್ಟು ಉಳಿದಿದೆ ಎಂದು ಹೇಳಲು ಆಗಲಿಲ್ಲ. ಸರಿಯಾಗಿ ಹೊಂದಿದ್ದು ಊರು ಬಿಟ್ಟ ವರ್ಷ. ಹಿಂಸೆ ಇನ್ನೂ ಮಿತಿಯಲ್ಲಿದ್ದಾಗ, 1935ಕ್ಕೆ ಮುಂಚೆಯೇ ಹೊರಟವರ ಜರ್ಮನ್ ಚೆನ್ನಾಗಿ ಉಳಿದಿತ್ತು. 1938ರ ನವೆಂಬರ್‌ನಲ್ಲಿ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಯನ್ನು ಕಂಡು ಆಮೇಲೆ ಓಡಿದವರ ಜರ್ಮನ್ ಹೆಚ್ಚು ಸವೆದಿತ್ತು. ಆ ದಾಳಿಯ ನಂತರವೇ ಸುಮಾರು 10,000 ಮಕ್ಕಳು, ಬಹುಪಾಲು ಯಹೂದಿಗಳು, ಹೆತ್ತವರಿಲ್ಲದೆ ಬ್ರಿಟನ್ ಸೇರಿದ್ದು. ಯುದ್ಧ ಶುರುವಾದ ಮೇಲೆ ಅವರಿಗೂ ಊರಿನಲ್ಲಿ ಉಳಿದ ಅಪ್ಪ ಅಮ್ಮನಿಗೂ ನಡುವೆ ಉಳಿದ ಮುಖ್ಯ ದಾರಿ ರೆಡ್‌ಕ್ರಾಸ್ ಸಂದೇಶ. ಅದರಲ್ಲಿ 25 ಪದಕ್ಕಿಂತ ಹೆಚ್ಚು ಬರೆಯುವಂತಿರಲಿಲ್ಲ. ಯಾರಲ್ಲಿ ಮಾತಾಡಬೇಕೋ ಅವರೇ ಇಲ್ಲ, ಜೊತೆಗೆ ಅದು ತಮ್ಮನ್ನು ಹೊರದಬ್ಬಿದವರ ಭಾಷೆ. ಮನಸ್ಸು ಅದನ್ನು ಬೇಡ ಅಂದರೆ ಆಶ್ಚರ್ಯವೇನು?

ಹಾಗಾದರೆ ಮರೆತ ಭಾಷೆ ಮಿದುಳಿನಿಂದ ಪೂರ್ತಿ ಅಳಿಸಿಹೋಗುತ್ತದೆಯೇ? ಇದಕ್ಕೆ ಉತ್ತರ ಹುಡುಕಿದವರು ಯುದ್ಧದ ಮಕ್ಕಳನ್ನಲ್ಲ, ಬೇರೆ ದೇಶಕ್ಕೆ ದತ್ತು ಹೋದವರನ್ನು ಪರೀಕ್ಷಿಸಿದರು. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ದೊಡ್ಡವರಾದವರ ಮಿದುಳಿನ ಸ್ಕ್ಯಾನ್ 2003ರಲ್ಲಿ ಪ್ರಕಟವಾಯಿತು. ಕೊರಿಯನ್ ವಾಕ್ಯ ಕೇಳಿಸಿದಾಗ ಅವರ ಮಿದುಳು ಹುಟ್ಟು ಫ್ರೆಂಚರ ಮಿದುಳಿನಂತೆಯೇ ಇತ್ತು, ಕುರುಹೇ ಸಿಗಲಿಲ್ಲ. ಆದರೆ 2014ರಲ್ಲಿ ಕೆನಡಾದ ತಂಡವೊಂದು ಬೇರೆ ರೀತಿ ಪ್ರಶ್ನೆ ಕೇಳಿತು. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ದತ್ತು ಬಂದು, ಈಗ ಫ್ರೆಂಚ್ ಮಾತ್ರ ಗೊತ್ತಿರುವ ಹುಡುಗಿಯರಿಗೆ ಚೀನೀ ಭಾಷೆಯ ಸ್ವರದ ಏರಿಳಿತಗಳನ್ನು ಕೇಳಿಸಿದರು. ಅರ್ಥ ಒಂದೂ ಆಗದಿದ್ದರೂ ಅವರ ಮಿದುಳಿನ ಎಡಭಾಗ ಚೀನೀ ಮಾತಾಡುವವರಂತೆಯೇ ಪ್ರತಿಕ್ರಿಯಿಸಿತು. ಫ್ರೆಂಚ್ ಮಾತ್ರ ಕೇಳಿ ಬೆಳೆದವರಲ್ಲಿ ಹಾಗಾಗಲಿಲ್ಲ. ಪದ, ಅರ್ಥ ಎಲ್ಲ ಹೋದರೂ ದನಿಯ ಒಂದು ಪದರ ಅಡಿಯಲ್ಲಿ ಉಳಿದಿತ್ತು.

ಫಿನ್ಲೆಂಡಿನ ಮಕ್ಕಳಿಗೆ ಮರಳುವ ದಿನ ಬಂದಾಗ ಆ ಪದರದಿಂದ ಏನೂ ಪ್ರಯೋಜನ ಆಗಲಿಲ್ಲ. ಕರೆದೊಯ್ಯಲು ನಿಲ್ದಾಣಕ್ಕೆ ಬಂದ ಹೆತ್ತ ತಾಯಿಯ ಮಾತು ಎಷ್ಟೋ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಮೂರು ವರ್ಷಕ್ಕೆ ಹೋಗಿ ಏಳು ವರ್ಷಕ್ಕೆ ಬಂದ ಮಗುವಿಗೆ ಅಮ್ಮ ಅಂದರೆ ಸ್ವೀಡನ್ನಿನಲ್ಲಿ ಉಳಿದವಳು. ಅಂದರೆ ಇದು ಎರಡನೇ ಅಗಲಿಕೆ. ಮೊದಲ ಸಲ ಅತ್ತಾಗ ಪಾಪ ಅಂದವರು ಈ ಸಲದ ಅಳುವಿಗೆ ಬೆಲೆ ಕೊಡಲಿಲ್ಲ. ಮನೆಗೆ ಬಂದಿದೆಯಲ್ಲ, ಇನ್ನೇನು! ಸಾವಿರಾರು ಮಕ್ಕಳು ಮರಳಲೇ ಇಲ್ಲ, ಸ್ವೀಡನ್ನಿನಲ್ಲೇ ಬೆಳೆದರು. ಯುದ್ಧಕಾಲದ ಮಕ್ಕಳ ಬಗ್ಗೆ ಓದುವಾಗ ನನ್ನನ್ನು ಜಾಸ್ತಿ ಕಾಡುವುದು ಈ ಮರಳುವಿಕೆಯೇ. ಮಗು ಎಷ್ಟು ಚೆನ್ನಾಗಿ ಒಗ್ಗಿಕೊಂಡಿತ್ತೋ ಎರಡನೇ ಸಲ ಕಳೆದುಕೊಂಡದ್ದೂ ಅಷ್ಟೇ ಜಾಸ್ತಿ.

ದೇಹ ಇದನ್ನೆಲ್ಲ ಲೆಕ್ಕ ಇಟ್ಟಿತೇ? ಹೆಲ್ಸಿಂಕಿಯಲ್ಲಿ 1934ರಿಂದ 1944ರ ನಡುವೆ ಹುಟ್ಟಿದವರ ಆರೋಗ್ಯವನ್ನು ದಶಕಗಳಿಂದ ಹಿಂಬಾಲಿಸುತ್ತಿರುವ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ 60 ದಾಟಿದ ಸುಮಾರು 280 ಜನರನ್ನು ಒಂದು ಒತ್ತಡದ ಪರೀಕ್ಷೆಗೆ ಕೂರಿಸಿದರು. ಮುಖದಲ್ಲಿ ಭಾವವೇ ತೋರಿಸದ ತೀರ್ಪುಗಾರರ ಮುಂದೆ ಭಾಷಣ ಮಾಡಬೇಕು, ಬಾಯಿಲೆಕ್ಕ ಹೇಳಬೇಕು. ಯಾರಿಗಾದರೂ ಬೆವರು ಬರುವಂಥದ್ದೇ. ಒತ್ತಡ ಬಂದಾಗ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕೊಡುತ್ತದೆ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ. ಆಗ ಕಾರ್ಟಿಸಾಲ್ ಎಂಬ ಹಾರ್ಮೋನು ಹೊರಬರುತ್ತದೆ. ಬಾಲ್ಯದಲ್ಲಿ ಹೆತ್ತವರಿಂದ ದೂರವಿದ್ದವರಲ್ಲಿ ಈ ಕಾರ್ಟಿಸಾಲ್ ಉಳಿದವರಿಗಿಂತ ಹೆಚ್ಚಿತ್ತು. ಅರವತ್ತು ವರ್ಷದ ಹಿಂದಿನ ಅಗಲಿಕೆ ಆ ವ್ಯವಸ್ಥೆಯನ್ನು ಆರದ ಒಲೆಯಂತೆ ಬಿಟ್ಟುಹೋಗಿತ್ತು, ಸ್ವಲ್ಪ ಊದಿದರೂ ಭುಗಿಲ್ಲೆನ್ನುತ್ತಿತ್ತು.

ಇಲ್ಲಿ ಒಂದು ತಕರಾರು ಬರುತ್ತದೆ, ನ್ಯಾಯವಾದದ್ದೇ. ಎಲ್ಲ ಮನೆಗಳೂ ಮಕ್ಕಳನ್ನು ಕಳಿಸಲಿಲ್ಲ. ಬಡವರು, ಜಾಸ್ತಿ ಮಕ್ಕಳಿದ್ದವರು, ಕಾಯಿಲೆಯವರಿದ್ದ ಮನೆಯವರು ಹೆಚ್ಚು ಕಳಿಸಿದರು. ಹಾಗಿದ್ದರೆ ಮುಂದೆ ಕಂಡ ತೊಂದರೆ ಅಗಲಿಕೆಯಿಂದ ಬಂದದ್ದೋ ಆ ಮನೆಯ ಕಷ್ಟದಿಂದ ಬಂದದ್ದೋ? ಇದನ್ನು ಬಿಡಿಸಲು ಟೊರ್ಸ್ಟೆನ್ ಸಂತಾವಿರ್ತಾ ಮತ್ತು ಜೊತೆಗಾರರು ಒಂದು ಜಾಣ ದಾರಿ ಹಿಡಿದರು. ಒಂದೇ ಮನೆಯ ಮಕ್ಕಳಲ್ಲಿ ಸ್ವೀಡನ್ನಿಗೆ ಹೋದವರನ್ನು ಮನೆಯಲ್ಲೇ ಉಳಿದ ಒಡಹುಟ್ಟಿದವರ ಜೊತೆ ಹೋಲಿಸಿದರು. ಅಪ್ಪ ಅಮ್ಮ ಒಂದೇ, ಬಡತನ ಒಂದೇ. 2015ರಲ್ಲಿ ಬಂದ ಫಲಿತಾಂಶದಲ್ಲಿ, ಒಟ್ಟಾರೆ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಹುಪಾಲು ಮಕ್ಕಳು ತಮ್ಮ ಬದುಕನ್ನು ನಡೆಸಿಕೊಂಡು ಹೋಗಿದ್ದರು. ಇದನ್ನು ಮುಚ್ಚಿಟ್ಟು ಬರೀ ಗೋಳು ಹೇಳುವುದು ಸರಿಯಲ್ಲ. ಆದರೆ ಹೆಣ್ಣುಮಕ್ಕಳಲ್ಲಿ, ಖಿನ್ನತೆಯಂಥ ಕಾಯಿಲೆಗೆ ಆಸ್ಪತ್ರೆ ಸೇರುವ ಸಾಧ್ಯತೆ ಮನೆಯಲ್ಲೇ ಉಳಿದ ಅಕ್ಕತಂಗಿಯರಿಗಿಂತ ಸುಮಾರು ಎರಡು ಪಟ್ಟಿತ್ತು.

2018ರಲ್ಲಿ ಅದೇ ತಂಡ ಮುಂದಿನ ಪೀಳಿಗೆಯನ್ನು ನೋಡಿತು. ಸ್ವೀಡನ್ನಿಗೆ ಹೋಗಿಬಂದ ಹುಡುಗಿಯರು ಬೆಳೆದು ತಾಯಂದಿರಾದ ಮೇಲೆ, ಅವರ ಹೆಣ್ಣುಮಕ್ಕಳಲ್ಲಿ ಈ ಅಪಾಯ ಮನೆಯಲ್ಲುಳಿದ ಚಿಕ್ಕಮ್ಮ ದೊಡ್ಡಮ್ಮಂದಿರ ಹೆಣ್ಣುಮಕ್ಕಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಕಂಡಿತು. ತಾಯಿ ಸ್ವತಃ ಆಸ್ಪತ್ರೆ ಸೇರದಿದ್ದರೂ ಹೀಗೆ. ಗಂಡುಮಕ್ಕಳಲ್ಲಿ ಇದು ಕಾಣಲಿಲ್ಲ. ಕಾಯಿಲೆ ಬಿದ್ದವರ ಸಂಖ್ಯೆ ಸಣ್ಣದು, ಹಾಗಾಗಿ ಆ ನಾಲ್ಕು ಪಟ್ಟು ಎಂಬುದನ್ನು ಕಲ್ಲಿನಲ್ಲಿ ಕೆತ್ತಿದ ಲೆಕ್ಕದಂತೆ ಹಿಡಿಯಬಾರದು. ಆದರೂ ಯುದ್ಧ ನೋಡದ, ರೈಲು ಹತ್ತದ ಮಕ್ಕಳವರೆಗೂ ಇದರ ಎಳೆ ಬಂದಿದೆ ಎಂಬುದು ಸಣ್ಣ ಮಾತಲ್ಲ.

ಇಂದಿಗೂ ಯುದ್ಧಗಳಿಂದ ಮಕ್ಕಳು ಒಂಟಿಯಾಗಿ ಗಡಿ ದಾಟುತ್ತಲೇ ಇದ್ದಾರೆ. ಶ್ರೀಮಂತ ದೇಶಗಳಿಗೆ ಬಂದ ನಿರಾಶ್ರಿತ ಮಕ್ಕಳ ಬಗ್ಗೆ ಆಗಿನವರೆಗಿನ ಸಂಶೋಧನೆಗಳನ್ನು ಒಟ್ಟು ಮಾಡಿ ನೋಡಿದ ಸಮೀಕ್ಷೆಯೊಂದು 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಮ್ಮದೇ ಸಮುದಾಯದ ಸಾಕುಮನೆ, ಗೆಳೆಯರ ಆಸರೆ, ಭಯವಿಲ್ಲದ ಶಾಲೆ ಇವು ಮಗುವನ್ನು ಕಾಪಾಡುತ್ತವೆ. ಬಂದ ದೇಶದಲ್ಲಿ ಮತ್ತೆ ಮತ್ತೆ ಮನೆ ಬದಲಾಯಿಸುವುದು ಕೆಡುಕು ಮಾಡುತ್ತದೆ. ಈ ಕೊನೆಯದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಸಾಕುಮನೆಗಳಿಂದ ಮಗುವನ್ನು ವಾಪಸ್ ಕಳಿಸುವುದು ಎಷ್ಟೋ ಸಲ ಅದು ತಂಟೆ ಶುರುಮಾಡಿದಾಗ. ವಿನಿಕಾಟ್ ಹೇಳಿದ್ದು ಸರಿಯಾಗಿದ್ದರೆ, ಈ ಮನೆಯಲ್ಲಿ ಉಳಿಯಬಹುದೇನೋ ಎಂದು ಮಗುವಿಗೆ ಮೊದಲ ಸಲ ಅನ್ನಿಸಿರುವುದೂ ಆಗಲೇ.