ಗುರಿಗೆ ಮೂರೇ ಕಿಲೋ ಬಾಕಿ ಇರುವಾಗ ತೂಕ ಯಾಕೆ ನಿಲ್ಲುತ್ತದೆ?

ಎಂಬತ್ತು ಕಿಲೋ ತೂಗುವವರೊಬ್ಬರು ಅರವತ್ತೈದಕ್ಕೆ ಇಳಿಯಬೇಕು ಅಂತ ಹೊರಟಿದ್ದಾರೆ ಅಂದುಕೊಳ್ಳಿ. ಹನ್ನೆರಡು ಕಿಲೋ ಇಳಿದಾಗಿದೆ. ಇನ್ನು ಮೂರೇ ಕಿಲೋ ಬಾಕಿ. ಅಷ್ಟರಲ್ಲಿ ತೂಕದ ಮಷೀನ್ ಹಟ ಹಿಡಿಯುತ್ತದೆ. ವಾರ ಕಳೆದರೂ ಅದೇ ಅಂಕಿ, ತಿಂಗಳು ಕಳೆದರೂ ಅದೇ ಅಂಕಿ.

ಆಗ ಸಲಹೆಗಳು ಶುರುವಾಗುತ್ತವೆ. ನಿಮ್ಮ ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕ್ರಿಯೆ, ಸತ್ತುಹೋಗಿದೆ ಅನ್ನುತ್ತಾರೆ ಒಬ್ಬರು. ದೇಹದಲ್ಲಿ ವಿಷ ತುಂಬಿದೆ, ಮೂರು ದಿನ ಬರೀ ಜ್ಯೂಸ್ ಕುಡಿಯಿರಿ ಅನ್ನುತ್ತಾರೆ ಇನ್ನೊಬ್ಬರು. ಊಟವನ್ನು ಇನ್ನೂ ಅರ್ಧ ಮಾಡಿ ಅನ್ನುವವರೂ ಇದ್ದಾರೆ. ಇವನ್ನೆಲ್ಲ ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟು ದೂರ ಸರಿಯಾಗಿಯೇ ನಡೆದು ಬಂದವರು ಇಲ್ಲಿ ಹೆದರಿ ಎಲ್ಲವನ್ನೂ ಬಿಟ್ಟುಬಿಡುತ್ತಾರೆ, ಇಲ್ಲವೇ ಮೈಗೆ ಹಾನಿ ಮಾಡಿಕೊಳ್ಳುತ್ತಾರೆ. ತೂಕ ನಿಲ್ಲುವುದರ ಹಿಂದೆ ಒಂದು ಸರಳವಾದ, ಸುಂದರವಾದ ಲೆಕ್ಕವಿದೆ. ಅದು ಗೊತ್ತಾದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ತಳದಲ್ಲಿ ಸಣ್ಣ ತೂತಿರುವ ಒಂದು ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ. ಮೇಲಿನಿಂದ ನಲ್ಲಿ ನೀರು ಬೀಳುತ್ತಿದೆ, ಕೆಳಗಿನ ತೂತಿನಿಂದ ಸೋರುತ್ತಿದೆ. ನಲ್ಲಿ ಅಂದರೆ ನಾವು ತಿನ್ನುವುದು. ತೂತು ಅಂದರೆ ದೇಹ ಖರ್ಚು ಮಾಡುವುದು. ತೊಟ್ಟಿಯಲ್ಲಿರುವ ನೀರಿನ ಮಟ್ಟವೇ ನಮ್ಮ ತೂಕ. ಈಗ ನಲ್ಲಿಯನ್ನು ಸ್ವಲ್ಪ ತಿರುಗಿಸಿ ಸಣ್ಣ ಮಾಡಿ. ನೀರು ಇಳಿಯತೊಡಗುತ್ತದೆ. ಆದರೆ ತೊಟ್ಟಿ ಪೂರ್ತಿ ಖಾಲಿಯಾಗುತ್ತದೆಯೇ? ಇಲ್ಲ. ಮಟ್ಟ ಇಳಿದಂತೆ ತೂತಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ಸೋರುವುದೂ ನಿಧಾನವಾಗುತ್ತದೆ. ಕೊನೆಗೆ ಎಷ್ಟು ಬೀಳುತ್ತದೋ ಅಷ್ಟೇ ಸೋರುವ ಒಂದು ಹಂತ ಬರುತ್ತದೆ. ನೀರು ಅಲ್ಲಿ ನಿಲ್ಲುತ್ತದೆ. ಯಾರೂ ತೂತು ಮುಚ್ಚಿಲ್ಲ, ಏನೂ ಕೆಟ್ಟಿಲ್ಲ. ನಲ್ಲಿಯನ್ನು ಎಷ್ಟು ಸಣ್ಣ ಮಾಡಿದಿರೋ ಅದಕ್ಕೆ ತಕ್ಕ ಹೊಸ ಮಟ್ಟ ಅದು.

ದೇಹದ ಖರ್ಚು ಹಾಗೆ ಇಳಿಯುವುದು ಯಾಕೆ? ಸುಮ್ಮನೆ ಮಲಗಿದ್ದರೂ ಒಂದು ಕಿಲೋ ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲರಿ ಬಳಸುತ್ತದೆ. ಒಂದು ಕಿಲೋ ಕೊಬ್ಬು ಕೂಡ ನಾಲ್ಕೈದು ಕ್ಯಾಲರಿ ಬಳಸುತ್ತದೆ. ತೂಕ ಇಳಿದಾಗ ಎರಡೂ ಸ್ವಲ್ಪ ಸ್ವಲ್ಪ ಹೋಗುತ್ತವೆ. ಮೆಟ್ಟಿಲು ಹತ್ತುವಾಗ ಹೊರುವ ಭಾರವೂ ಕಡಿಮೆ. ಊಟ ಕಡಿಮೆಯಾದ್ದರಿಂದ ಅದನ್ನು ಅರಗಿಸುವ ಖರ್ಚೂ ಕಡಿಮೆ. ಇದರ ಮೇಲೆ ದೇಹ ತಾನಾಗಿಯೇ ಒಂದಿಷ್ಟು ಉಳಿತಾಯ ಮಾಡುತ್ತದೆ. 1995ರಲ್ಲಿ ರುಡಾಲ್ಫ್ ಲೈಬಲ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. ತೂಕದಲ್ಲಿ ಶೇಕಡಾ 10ರಷ್ಟು ಇಳಿಸಿದವರ ಖರ್ಚು, ಅವರ ಹೊಸ ಮೈಗಾತ್ರಕ್ಕೆ ಇರಬೇಕಾದ್ದಕ್ಕಿಂತಲೂ ಕೆಳಗೆ ಹೋಗಿತ್ತು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದನ್ನು ಪತ್ತೆ ಹಚ್ಚಿತು. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ, ಮೆದುಳಿಗೆ ಸುದ್ದಿ ಹೋಗುತ್ತದೆ, ಸ್ನಾಯುಗಳು ಅದೇ ಕೆಲಸವನ್ನು ಕಡಿಮೆ ಇಂಧನದಲ್ಲಿ ಮಾಡತೊಡಗುತ್ತವೆ.

ಹಾಗಾದರೆ ಮೆಟಬಾಲಿಸಂ ನಿಂತುಹೋಗುತ್ತದೆ ಅನ್ನುವುದು ನಿಜವೇ? ಖಂಡಿತ ಇಲ್ಲ. ಇದಕ್ಕೆ ಬಲವಾದ ಸಾಕ್ಷಿ ಎರಡನೇ ಮಹಾಯುದ್ಧದ ಕಾಲದ್ದು. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಶುರುಮಾಡಿದರು. ಯುರೋಪಿನಲ್ಲಿ ಹಸಿದು ಬಳಲಿದವರಿಗೆ ಮತ್ತೆ ಊಟ ಕೊಟ್ಟು ಸುಧಾರಿಸುವುದು ಹೇಗೆಂದು ತಿಳಿಯಬೇಕಿತ್ತು. ಯುದ್ಧದಲ್ಲಿ ಹೋರಾಡಲು ಒಪ್ಪದ 36 ಯುವಕರು ಇದಕ್ಕೆ ತಾವಾಗಿ ಮುಂದೆ ಬಂದರು. 24 ವಾರ ಅವರಿಗೆ ಬೇಕಾದ್ದರ ಸುಮಾರು ಅರ್ಧದಷ್ಟೇ ಊಟ ಸಿಕ್ಕಿತು. ಸುಮ್ಮನೆ ಮಲಗಿದ್ದಾಗಲೂ ಆಗುವ ಅವರ ದೇಹದ ಮೂಲ ಖರ್ಚು ಸುಮಾರು ಶೇಕಡಾ 40ರಷ್ಟು ಕುಸಿಯಿತು. ಆದರೂ ಅವರು ತಮ್ಮ ತೂಕದ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ಖರ್ಚು ಅಷ್ಟು ಬಿದ್ದರೂ ತೂಕ ಇಳಿಯಿತು ಅಲ್ವಾ? ಒಂದೆರಡು ತಿಂಗಳ ಸಾಧಾರಣ ಡಯಟ್‌ನಿಂದ ಯಾರ ಮೆಟಬಾಲಿಸಮ್ಮೂ ಸಾಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. 1958ರಲ್ಲಿ ಮ್ಯಾಕ್ಸ್ ವಿಷ್ನೋಫ್‌ಸ್ಕಿ ಎಂಬ ವೈದ್ಯರು ಒಂದು ಸೂತ್ರ ಕೊಟ್ಟರು. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಂದು ಕಿಲೋ ಇಳಿಯಲು ಸುಮಾರು 7700 ಕ್ಯಾಲರಿ ಕೊರತೆ ಬೇಕು. ಕೊಬ್ಬಿನಲ್ಲಿ ಎಷ್ಟು ಶಕ್ತಿ ಇದೆ ಅನ್ನುವ ಮಟ್ಟಿಗೆ ಇದು ಸರಿ. ಜನ ಅದನ್ನು ಬಳಸಿದ ರೀತಿ ಮಾತ್ರ ತಪ್ಪು. ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ಆ ಲೆಕ್ಕದಲ್ಲಿ ವರ್ಷಕ್ಕೆ 24 ಕಿಲೋ ಇಳಿಯಬೇಕು. ಮೂರು ವರ್ಷಕ್ಕೆ 71 ಕಿಲೋ. ಅಂದರೆ ನಮ್ಮ 80 ಕಿಲೋದವರು ಕೊನೆಗೆ 9 ಕಿಲೋ ಉಳಿಯಬೇಕು! ತೂತಿನಿಂದ ಸೋರುವುದು ಬದಲಾಗುವುದೇ ಇಲ್ಲ ಅಂತ ನಂಬಿದ್ದರ ಫಲ ಇದು. ಇವತ್ತಿಗೂ ಎಷ್ಟೋ ಕಡೆ ಇದೇ ಲೆಕ್ಕ ಹೇಳಿಕೊಡುತ್ತಾರೆ. ಅದರಂತೆ ಇಳಿಯದಿದ್ದಾಗ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು ಸೋರುವಿಕೆಯನ್ನೂ ಸೇರಿಸಿ ಹೊಸ ಲೆಕ್ಕ ಕೊಟ್ಟರು. ಊಟದಲ್ಲಿ ದಿನಕ್ಕೆ 24 ಕ್ಯಾಲರಿಯನ್ನು ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಸುಮಾರು ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ ಬೇಕು. ಹೆಚ್ಚುಕಡಿಮೆ ಪೂರ್ತಿ ಇಳಿಯಲು ಮೂರು ವರ್ಷ.

ಇದನ್ನು ನಮ್ಮ ಉದಾಹರಣೆಗೆ ಹಾಕಿ ನೋಡಿ. ಶುರುವಿನಲ್ಲಿ ಕೊರತೆ 500 ಕ್ಯಾಲರಿ, ವಾರಕ್ಕೆ ಸುಮಾರು 450 ಗ್ರಾಂ ಇಳಿತ. ಹನ್ನೆರಡು ಕಿಲೋ ಇಳಿದ ಮೇಲೆ ಖರ್ಚೇ 288 ಕ್ಯಾಲರಿ ಕಡಿಮೆಯಾಗಿದೆ. ಉಳಿದ ಕೊರತೆ ಬರೀ 212. ವಾರಕ್ಕೆ 190 ಗ್ರಾಂ ಅಷ್ಟೇ. ಊಟ ಅದೇ, ಶಿಸ್ತು ಅದೇ, ಫಲ ಮಾತ್ರ ಅರ್ಧಕ್ಕಿಂತ ಕಡಿಮೆ. ಗುರಿ ಹತ್ತಿರ ಬಂದಷ್ಟೂ ಇಳಿತ ಸಣ್ಣದಾಗುತ್ತದೆ.

ಆ 190 ಗ್ರಾಂ ಮಷೀನಿನಲ್ಲಿ ಕಾಣುತ್ತದೆಯೇ? ಇಲ್ಲೇ ನೀರಿನ ಆಟ ಶುರುವಾಗುವುದು. ನಮ್ಮ ರಕ್ತದಷ್ಟೇ ಉಪ್ಪಿನ ಹದ ಇರುವ ಸಲೈನ್ ದ್ರವದಲ್ಲಿ ಒಂದು ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಅಂದರೆ ಎರಡು ದಿನ ಉಪ್ಪು ಜಾಸ್ತಿಯಾದರೆ, ಮೂತ್ರಪಿಂಡ ಅದನ್ನು ಹೊರಹಾಕುವವರೆಗೆ ದೇಹ ಅದಕ್ಕೆ ತಕ್ಕಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಸ್ನಾಯು ಮತ್ತು ಲಿವರ್‌ನಲ್ಲಿ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತೇವೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು. ಹೊಸ ವ್ಯಾಯಾಮದಿಂದ ನೊಂದ ಸ್ನಾಯು ನೀರು ತುಂಬಿಕೊಳ್ಳುತ್ತದೆ. ಹೆಂಗಸರಲ್ಲಿ ಮುಟ್ಟಿನ ಆಸುಪಾಸಿನಲ್ಲಿ ನೀರು ನಿಲ್ಲುವುದು ಸಾಮಾನ್ಯ. ಹೀಗೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕಿಲೋ ಹೆಚ್ಚುಕಡಿಮೆಯಾಗುವುದು ದೊಡ್ಡ ವಿಷಯವೇ ಅಲ್ಲ. ವಾರವಿಡೀ ಕರಗಿದ ಕೊಬ್ಬು ಇದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಮಿನೆಸೋಟದ ಆ ಯುವಕರ ಕಾಲು, ಮುಖ ಊದಿಕೊಂಡಿದ್ದವು. ಮೈಯೊಳಗೆ ನೀರು ನಿಂತು, ನಿಜವಾಗಿ ಎಷ್ಟು ಕರಗಿದ್ದರು ಅನ್ನುವುದನ್ನು ತಕ್ಕಡಿಯಿಂದ ಮರೆಮಾಡಿತ್ತು.

ತೂಕದ ಈ ಏರಿಳಿತವನ್ನು ಮೊದಲು ಪಟ್ಟು ಹಿಡಿದು ಅಳೆದವರು ಇಟಲಿಯ ವೈದ್ಯ ಸಾಂಟೋರಿಯೋ. ಗೆಲಿಲಿಯೋನ ಕಾಲದವರು. ಛಾವಣಿಯಿಂದ ತೂಗುಬಿಟ್ಟ ತಕ್ಕಡಿ ಕುರ್ಚಿಯಲ್ಲಿ ಕೂತು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿದರು. 1614ರಲ್ಲಿ ಪುಸ್ತಕ ಬರೆದರು. ಒಳಗೆ ಹೋದದ್ದರಲ್ಲಿ ದೊಡ್ಡ ಪಾಲು ಮಲಮೂತ್ರದಲ್ಲಿ ಸಿಗುತ್ತಲೇ ಇರಲಿಲ್ಲ. ಅದು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆ ಅಂದರು. 1780ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯ ನಡುವೆ ಇಟ್ಟು, ಕರಗಿದ ನೀರನ್ನು ಅಳೆದು, ಉಸಿರಾಟವೂ ಒಂದು ನಿಧಾನವಾದ ದಹನವೇ ಎಂದು ತೋರಿಸಿದರು. ಈ ದಾರಿಯ ಕೊನೆಯ ಲೆಕ್ಕ ನನಗೆ ತುಂಬಾ ಇಷ್ಟ. ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, 1.6 ಕಿಲೋ ನೀರಾಗುತ್ತದೆ. ಕೊಬ್ಬು ಬೆವರಿನಲ್ಲಿ ಕರಗಿ ಹರಿಯುವುದಿಲ್ಲ. ಬೇಧಿಯಲ್ಲೂ ಹೋಗುವುದಿಲ್ಲ. ಪ್ಲಾಸ್ಟಿಕ್ ಜಾಕೆಟ್, ಹೊಟ್ಟೆ ತೊಳೆಯುವ ಪುಡಿ, ವಿಷ ತೆಗೆಯುವ ಪಾನೀಯ, ಇವೆಲ್ಲ ಕಳೆಯುವುದು ನೀರನ್ನು. ಆ ನೀರು ಮರುದಿನ ವಾಪಸ್ ಬರುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು. ತೊಟ್ಟಿಯ ಲೆಕ್ಕದ ಪ್ರಕಾರ ಮಟ್ಟ ನಿಲ್ಲಲು ವರ್ಷಗಳು ಬೇಕು. ಆದರೆ ಬಹಳ ಜನರಿಗೆ ಆರೆಂಟು ತಿಂಗಳಲ್ಲೇ ತೂಕ ನಿಲ್ಲುತ್ತದಲ್ಲ? ಅಲ್ಲಿ ಸೋರುವಿಕೆ ಒಂದೇ ಕಾರಣವಾಗಲಾರದು. ಗೊತ್ತಿಲ್ಲದಂತೆ ನಲ್ಲಿ ಸ್ವಲ್ಪ ತೆರೆದುಕೊಂಡಿರುತ್ತದೆ. 2016ರಲ್ಲಿ ಹಾಲ್ ಮತ್ತು ಸಂಗಡಿಗರು ಇದನ್ನು ಜಾಣತನದಿಂದ ಅಳೆದರು. ಮಧುಮೇಹದ ಒಂದು ಮಾತ್ರೆ ದಿನಕ್ಕೆ ಸುಮಾರು 360 ಕ್ಯಾಲರಿಯಷ್ಟು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ತಗೊಂಡವರಿಗೆ ಆ ನಷ್ಟ ಗೊತ್ತಾಗುವುದಿಲ್ಲ. ತೂಕ ಇಳಿದಂತೆ ಅವರ ಊಟ ತಾನಾಗಿಯೇ ಏರಿತು. ಇಳಿದ ಒಂದೊಂದು ಕಿಲೋಗೆ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಹಸಿವು ಹೆಚ್ಚಿತ್ತು! ಖರ್ಚು ಇಳಿಯುವುದು ಕಿಲೋಗೆ 20ರಿಂದ 30 ಕ್ಯಾಲರಿ, ಹಸಿವು ಏರುವುದು 100. ಹನ್ನೆರಡು ಕಿಲೋ ಇಳಿಸಿದವರು ದಿನವೂ ಎಂಥ ಸೆಳೆತದ ವಿರುದ್ಧ ನಿಂತಿದ್ದಾರೆ ನೋಡಿ. ಅವರಿಗೆ ಮನೋಬಲ ಇಲ್ಲ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಆ ಸೆಳೆತ ಕಣ್ಣಳತೆಯನ್ನು ಮೋಸಗೊಳಿಸುತ್ತದೆ. 1992ರ ಒಂದು ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದವರನ್ನು ನಿಖರವಾಗಿ ಅಳೆದರು. ಅವರ ಮೆಟಬಾಲಿಸಂ ಸರಿಯಾಗಿಯೇ ಇತ್ತು. ಆದರೆ ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆ ಹೇಳಿದ್ದರು. ಬೇಕೆಂದೇ ಸುಳ್ಳು ಹೇಳಿದರು ಅಂತಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲರಿ ಇದೆ. ಅಂಥ ಎರಡು ಚಮಚ ಲೆಕ್ಕ ತಪ್ಪಿದರೆ ನಮ್ಮ ಉದಾಹರಣೆಯ 212 ಕ್ಯಾಲರಿ ಕೊರತೆ ಪೂರ್ತಿ ಮುಗಿಯಿತು. ಶುರುವಿನಲ್ಲಿ ಇದೇ ತಪ್ಪು ಆಗಿದ್ದರೂ ತೂಕ ಇಳಿಯುತ್ತಿತ್ತು. ಗುರಿಯ ಹತ್ತಿರ ಅಂಥ ತಪ್ಪಿಗೆ ಜಾಗವಿಲ್ಲ.

ಹಾಗಾಗಿ ಮೊದಲು ನಿಜವಾಗಿ ನಿಂತಿದೆಯೇ ಅಂತ ನೋಡಿ. ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ವಾರದ ಸರಾಸರಿ ತೆಗೆಯಿರಿ. ನಾಲ್ಕು ವಾರದ ಸರಾಸರಿಗಳನ್ನು ಪಕ್ಕಪಕ್ಕ ಇಡಿ. ಮುಟ್ಟಾಗುವವರು ಕಳೆದ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಸೊಂಟವನ್ನು ಟೇಪಿನಲ್ಲಿ ಅಳೆಯಿರಿ. ಸರಾಸರಿಯೂ ಅಲ್ಲಾಡದಿದ್ದರೆ ಎರಡು ವಾರ ತಿನ್ನುವುದನ್ನೆಲ್ಲ ತೂಗಿ ಬರೆದಿಡಿ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಊಟವನ್ನು ಅರ್ಧಕ್ಕೆ ಇಳಿಸುವುದು ಬೇಡವೇ ಬೇಡ, ಅದರಿಂದ ಸ್ನಾಯು ಹೋಗುತ್ತದೆ. ಪ್ರೋಟೀನ್ ಸಾಕಷ್ಟು ತಿಂದು, ಭಾರ ಎತ್ತುವ ವ್ಯಾಯಾಮ ಮಾಡಿದರೆ ಸ್ನಾಯು ಉಳಿಯುತ್ತದೆ. ನಿದ್ದೆಯನ್ನು ಹಗುರವಾಗಿ ಕಾಣಬೇಡಿ. 2010ರ ಒಂದು ಸಣ್ಣ ಪ್ರಯೋಗದಲ್ಲಿ ಒಂದೇ ಡಯಟ್‌ನಲ್ಲಿದ್ದವರು ಎಂಟೂವರೆ ಗಂಟೆ ಮಲಗುವ ಅವಕಾಶವಿದ್ದಾಗ 1.4 ಕಿಲೋ ಕೊಬ್ಬು ಕಳೆದುಕೊಂಡರು. ಐದೂವರೆ ಗಂಟೆ ಮಾತ್ರ ಸಿಕ್ಕಾಗ 0.6 ಕಿಲೋ. ಒಟ್ಟು ತೂಕದ ಇಳಿತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ದಣಿವಾಗಿದ್ದರೆ ಕೆಲವು ವಾರ ಇದ್ದ ತೂಕದಲ್ಲೇ ನಿಂತು, ಖರ್ಚಿಗೆ ಸಮವಾಗಿ ತಿನ್ನಿ. ದೇಹ ತಾನಾಗಿ ಮಾಡಿಕೊಂಡ ಉಳಿತಾಯದಲ್ಲಿ ಒಂದು ಪಾಲು ಆಗ ಸಡಿಲವಾಗುತ್ತದೆ. ಊತ, ವಿಪರೀತ ಸುಸ್ತು ಇದ್ದರೆ, ಮುಟ್ಟು ನಿಂತಿದ್ದರೆ, ಸ್ಟೀರಾಯ್ಡ್ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಕೊನೆಯ ಮೂರು ಕಿಲೋ ಬೇಕೇ ಬೇಕೇ ಅಂತಲೂ ಒಮ್ಮೆ ಕೇಳಿಕೊಳ್ಳಬೇಕು. ಅಷ್ಟು ಇಳಿಸಿ ಅಲ್ಲೇ ಉಳಿಯಲು ಈಗ ಇಲ್ಲಿ ನಿಲ್ಲಲು ಬೇಕಾದ ಊಟಕ್ಕಿಂತ ದಿನಕ್ಕೆ ಸುಮಾರು 72 ಕ್ಯಾಲರಿ ಕಡಿಮೆ ತಿನ್ನಬೇಕು, ಅದೂ ಕಾಯಂ ಆಗಿ. ಜೊತೆಗೆ ಇನ್ನೂ 300 ಕ್ಯಾಲರಿಯಷ್ಟು ಹಸಿವನ್ನು ತಡೆದುಕೊಳ್ಳಬೇಕು. ಅಮೆರಿಕದಲ್ಲಿ ನಡೆದು 2002ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಮಧುಮೇಹ ತಡೆ ಅಧ್ಯಯನದಲ್ಲಿ ಗುರಿ ಇದ್ದದ್ದು ಶೇಕಡಾ 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಮಾಡುವುದು. ಅಷ್ಟಕ್ಕೇ ಮಧುಮೇಹ ಬರುವ ಅಪಾಯ ಶೇಕಡಾ 58ರಷ್ಟು ತಗ್ಗಿತು. ಎಂಬತ್ತರಿಂದ ಅರವತ್ತೆಂಟಕ್ಕೆ ಬಂದವರು ಶೇಕಡಾ 15 ಇಳಿಸಿದ್ದಾರೆ.