ನ್ಯೂಬ್ರಿಜ್, ಇಲ್ಲವೇ ಎಲ್ಲೂ ಇಲ್ಲ: ಗೇಲಿಕ್ ಫುಟ್‌ಬಾಲ್‌ನ ತಲೆಯೆಣಿಕೆಯ ಕಥೆ

2018ರ ಜೂನ್ ತಿಂಗಳ ಕೊನೆಯ ವಾರ. ಕೈ ಕಾಲು ಎರಡನ್ನೂ ಬಳಸಿ ಆಡುವ ಐರ್ಲೆಂಡಿನ ದೇಸಿ ಆಟ ಗೇಲಿಕ್ ಫುಟ್‌ಬಾಲ್‌ನ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್‌ನ ಒಂದು ಸುತ್ತಿಗೆ ಚೀಟಿ ಎತ್ತಿದಾಗ ಕಿಲ್ಡೇರ್ ಕೌಂಟಿಯ ಹೆಸರು ಮೊದಲು ಬಂತು, ಎದುರಾಳಿಯಾಗಿ ಮೇಯೊ ಬಂತು. ಮೊದಲು ಹೆಸರು ಬಂದವರ ಊರಿನಲ್ಲೇ ಪಂದ್ಯ ನಡೆಯಬೇಕೆಂಬುದು ನಿಯಮ. ಕಿಲ್ಡೇರ್ ತಂಡದ ಅಂಗಳ ಇರುವುದು ನ್ಯೂಬ್ರಿಜ್ ಪಟ್ಟಣದಲ್ಲಿ. ಆಗ ಅಲ್ಲಿ ಹಿಡಿಸುತ್ತಿದ್ದದ್ದು ಎಂಟು ಸಾವಿರ ಚಿಲ್ಲರೆ ಜನ ಮಾತ್ರ. ಮೇಯೊದ ಬೆಂಬಲಿಗರೋ, ತಂಡ ಎಲ್ಲಿಗೆ ಹೋದರೂ ಊರಿಗೆ ಊರೇ ಬೆನ್ನು ಹತ್ತಿ ಬರುವವರು. ಜನ ಹಿಡಿಸುವುದಿಲ್ಲ, ಸುರಕ್ಷತೆಯ ಪ್ರಶ್ನೆ ಇದೆ ಎಂದು ಸಂಘಟಕರು ಪಂದ್ಯವನ್ನು ಡಬ್ಲಿನ್‌ನ ಕ್ರೋಕ್ ಪಾರ್ಕಿಗೆ ವರ್ಗಾಯಿಸಿದರು.

ಕಿಲ್ಡೇರ್ ಒಪ್ಪಲಿಲ್ಲ. ನ್ಯೂಬ್ರಿಜ್‌ನಲ್ಲಿ ಆಡುತ್ತೇವೆ, ಇಲ್ಲವಾದರೆ ಎಲ್ಲೂ ಆಡುವುದಿಲ್ಲ ಎಂದು ಪಟ್ಟು ಹಿಡಿಯಿತು. ತರಬೇತುದಾರ ಕೀಯನ್ ಓನೀಲ್ ಟಿವಿ ವಾರ್ತೆಯಲ್ಲಿ ಕುಳಿತು ತಮ್ಮ ವಾದವನ್ನು ದೇಶದ ಮುಂದಿಟ್ಟರು. ಉಳಿದ ಕೌಂಟಿಗಳ ಜನರೂ ಕಿಲ್ಡೇರ್ ಪರ ನಿಂತರು. ಕೊನೆಗೆ ಸಂಘಟಕರೇ ಮಣಿದರು. ಜೂನ್ 30ರ ಶನಿವಾರ ಸಂಜೆ ಆ ಪುಟ್ಟ ಅಂಗಳದಲ್ಲೇ ಪಂದ್ಯ ನಡೆಯಿತು. ಕಿಲ್ಡೇರ್ 0-21, ಮೇಯೊ 0-19. (ಅಡ್ಡಗೆರೆಯ ಮೊದಲಿನದು ಗೋಲುಗಳ ಸಂಖ್ಯೆ, ಒಂದು ಗೋಲಿಗೆ ಮೂರು ಅಂಕ, ಅನಂತರದ್ದು ಗೋಲುಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾಯಿಸಿದ ಚೆಂಡಿನ ಅಂಕಗಳು.) ಹಿಂದಿನ ಎರಡು ವರ್ಷ ಫೈನಲ್ ಆಡಿದ್ದ ಮೇಯೊ ಅಲ್ಲಿಗೇ ಮನೆಗೆ ಹೋಯಿತು.

ಒಂದು ಮೈದಾನಕ್ಕಾಗಿ ಇಷ್ಟು ಹಟವೇಕೆ ಎಂದು ಕೇಳಿದರೆ ಸುಮಾರು ನೂರನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಬೆಂಬಲಿಗರು ಎಷ್ಟು, ಅವರಿಗಾಗಿ ಪಂದ್ಯ ಎಲ್ಲಿ ಆಗಬೇಕು, ಜನಬಲ ಇಲ್ಲದ ಕೌಂಟಿಗೆ ಗೆಲುವಿನ ಆಸೆ ಎಷ್ಟು ಎಂಬ ಮೂರು ಪ್ರಶ್ನೆಗಳು ಈ ಆಟದಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಬಂದಿವೆ.

ಕೌಂಟಿ ಎಂದೊಡನೆ ನಮಗೆ ನೆನಪಾಗುವುದು ಇಂಗ್ಲೆಂಡಿನ ಕ್ರಿಕೆಟ್. ಅಲ್ಲಿ ಹಣ ಕೊಟ್ಟರೆ ಯಾವ ದೇಶದ ಆಟಗಾರನಾದರೂ ಯಾವ ಕೌಂಟಿಗಾದರೂ ಆಡಬಹುದು. ಐರ್ಲೆಂಡಿನಲ್ಲಿ ಹಾಗಿಲ್ಲ. ಹುಟ್ಟಿ ಬೆಳೆದ ಕೌಂಟಿಗೆ ಅಥವಾ ನೆಲೆ ನಿಂತ ಕೌಂಟಿಗೆ ಆಡಬೇಕು, ಸಂಬಳವಿಲ್ಲದೆ ಆಡಬೇಕು. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಡಿದ ಶಿಕ್ಷಕ ರಜೆ ಮುಗಿದೊಡನೆ ಮತ್ತೆ ಶಾಲೆಗೆ ಹೋಗುತ್ತಾನೆ. ಎದುರು ಮನೆಯ ಹುಡುಗನೇ ಅಂಗಳದಲ್ಲಿರುವಾಗ ನೋಡುವವರ ಅಭಿಮಾನ ಬೇರೆ ಬಗೆಯದಾಗಿಬಿಡುತ್ತದೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿರುವುದು ಇದೇ.

ಈ ಕೌಂಟಿಗಳ ಗೆರೆ ಎಳೆದವರು ಐರ್ಲೆಂಡಿನ ಜನರಲ್ಲ, ಆಳಲು ಬಂದ ಇಂಗ್ಲಿಷರು. 32ರಲ್ಲಿ ಕಡೆಯದಾದ ವಿಕ್ಲೋ 1606ರಲ್ಲಿ ರೂಪುಗೊಂಡಿತು. ಕಂದಾಯಕ್ಕೂ ನ್ಯಾಯಾಲಯಕ್ಕೂ ಮಾಡಿಕೊಂಡ ಆ ವಿಭಾಗಗಳಿಗೆ ಜೀವ ತುಂಬಿದ್ದು ಆಟ. 1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಮೈಕೆಲ್ ಕ್ಯೂಸಾಕ್, ಮೊರಿಸ್ ಡೇವಿನ್ ಮೊದಲಾದ ಕೆಲವೇ ಜನ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಮೊದಲ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ 1887ರದು. ಆಗ ಕೌಂಟಿ ತಂಡ ಎಂಬುದೇ ಇರಲಿಲ್ಲ. ಕೌಂಟಿಯಲ್ಲಿ ಗೆದ್ದ ಕ್ಲಬ್ಬೇ ಕೌಂಟಿಯ ಪರವಾಗಿ ಆಡುತ್ತಿತ್ತು. ಲಿಮೆರಿಕ್ ಕೌಂಟಿಗೆ ಆ ಸಲದ ಕಿರೀಟ ತಂದದ್ದು ಕಮರ್ಷಿಯಲ್ಸ್ ಕ್ಲಬ್. 1892ರಲ್ಲಿ ಬೇರೆ ಕ್ಲಬ್ಬುಗಳ ಆಟಗಾರರನ್ನೂ ಸೇರಿಸಿಕೊಳ್ಳಬಹುದೆಂದು ನಿಯಮ ಬದಲಾಯಿತು. ನಿಜವಾದ ಕೌಂಟಿ ತಂಡ ಹುಟ್ಟಿದ್ದು ಅಲ್ಲಿಂದ. ತಂಡಕ್ಕೆ 21 ಮಂದಿ ಇದ್ದದ್ದು 17ಕ್ಕೆ ಇಳಿಯಿತು, 1913ರಲ್ಲಿ 15ಕ್ಕೆ ನಿಂತಿತು.

ಅದೇ 1913ರಲ್ಲಿ ಸಂಸ್ಥೆ ಡಬ್ಲಿನ್‌ನ ಮೈದಾನವೊಂದನ್ನು ಕೊಂಡು, ಆರ್ಚ್‌ಬಿಷಪ್ ಕ್ರೋಕ್ ಅವರ ಹೆಸರಿಟ್ಟಿತು. 1920ರ ನವೆಂಬರ್ 21ರಂದು ಡಬ್ಲಿನ್–ಟಿಪ್ಪರರಿ ಪಂದ್ಯದ ನಡುವೆ ಬ್ರಿಟಿಷ್ ಪಡೆಗಳು ಅಲ್ಲಿಗೆ ನುಗ್ಗಿ ಗುಂಡು ಹಾರಿಸಿದವು. ಟಿಪ್ಪರರಿಯ ಆಟಗಾರ ಮೈಕೆಲ್ ಹೋಗನ್ ಸೇರಿ 14 ಮಂದಿ ಸತ್ತರು. ಇಂದಿಗೂ ಗೆದ್ದ ನಾಯಕ ಕಪ್ ಎತ್ತಿ ಹಿಡಿಯುವುದು ಹೋಗನ್ ಹೆಸರಿನ ಸ್ಟ್ಯಾಂಡಿನಲ್ಲಿ. ಆದ್ದರಿಂದ ಕ್ರೋಕ್ ಪಾರ್ಕ್ ಎಲ್ಲ ಕೌಂಟಿಗಳಿಗೂ ಪುಣ್ಯಭೂಮಿ. ತೊಡಕು ಇರುವುದೂ ಅಲ್ಲೇ: ಆ ಪುಣ್ಯಭೂಮಿ ಡಬ್ಲಿನ್ ತಂಡದ ಹಿತ್ತಲಿನಲ್ಲಿದೆ.

ಊರಿನಿಂದ ಕ್ರೋಕ್ ಪಾರ್ಕಿಗೆ ಹೋಗುವುದು ತಲೆಮಾರುಗಳ ಕಾಲ ಹಬ್ಬದ ಪ್ರಯಾಣವಾಗಿತ್ತು. ನೈಋತ್ಯದ ತುದಿಯ ಕೆರಿಯಿಂದ ನಡುರಾತ್ರಿ ಹೊರಟು ಬೆಳಗಾಗುವಾಗ ಡಬ್ಲಿನ್ ಸೇರುತ್ತಿದ್ದ ವಿಶೇಷ ರೈಲಿಗೆ ಜನ ‘ದೆವ್ವದ ರೈಲು’ ಎನ್ನುತ್ತಿದ್ದರು. 1961ರ ಫೈನಲ್‌ನಲ್ಲಿ ಡೌನ್ ಮತ್ತು ಆಫಲಿ ಎದುರಾದಾಗ 90,556 ಜನ ಸೇರಿದರು. ಆ ದಾಖಲೆ ಇನ್ನೂ ಮುರಿದಿಲ್ಲ, ಮುರಿಯುವಂತೆಯೂ ಇಲ್ಲ. ಈಗ ಅಲ್ಲಿ ಹಿಡಿಸುವುದೇ 82,300. ಫೈನಲ್‌ನ ಟಿಕೆಟ್ ಹೆಚ್ಚಾಗಿ ಹಂಚಿಕೆಯಾಗುವುದು ಕ್ಲಬ್ಬುಗಳ ಮೂಲಕ. ಎದುರಾಳಿ ಬಣ್ಣದವರು ಪಕ್ಕಪಕ್ಕದಲ್ಲೇ ಕೂರುತ್ತಾರೆ. ಯುರೋಪಿನ ಫುಟ್‌ಬಾಲ್ ಗಲಾಟೆಗಳನ್ನು ಕಂಡವರಿಗೆ ಇದು ನಂಬಲಾಗದ ನೋಟ.

ಡಬ್ಲಿನ್‌ಗೆ ಈಗಿನಂಥ ಬೆಂಬಲಿಗರ ಸೇನೆ ಮೊದಲಿನಿಂದಲೂ ಇರಲಿಲ್ಲ. ತರಬೇತುದಾರ ಕೆವಿನ್ ಹೆಫರ್ನನ್ 1974ರಲ್ಲಿ ತಂಡವನ್ನು ಗೆಲ್ಲಿಸಿದಾಗ ನಗರದ ಬಡಾವಣೆಗಳ ಯುವಕರು ನೀಲಿ ಬಣ್ಣ ತೊಟ್ಟು ಹಿಲ್ 16 ಎಂಬ ತೆರೆದ ದಿಬ್ಬವನ್ನು ತುಂಬಿದರು. ‘ಹೆಫೋನ ಸೇನೆ’ ಎಂಬ ಹೆಸರು ಬಿದ್ದದ್ದು ಆಗ. ಅವರಿಗೆ ಎದುರಾಗಿ ಮಿಕ್ ಓಡ್ವಯರ್ ಪಳಗಿಸಿದ ಕೆರಿಯ ಹುಡುಗರು ನಿಂತರು. ಎಪ್ಪತ್ತರ ದಶಕದ ಆ ಪೈಪೋಟಿ ಆಟವನ್ನು ಹಳ್ಳಿಯಿಂದ ನಗರದ ಮಧ್ಯಕ್ಕೆ ತಂದಿತು.

2022ರ ಜನಗಣತಿಯ ಪ್ರಕಾರ ಡಬ್ಲಿನ್‌ನ ಜನಸಂಖ್ಯೆ ಸುಮಾರು 14.6 ಲಕ್ಷ, ಕೆರಿಯದು 1.56 ಲಕ್ಷ, ಲೀಟ್ರಿಮ್‌ನದು 35 ಸಾವಿರ. ಮೂರೂ ಒಂದೇ ಕಪ್ಪಿಗಾಗಿ ಆಡಬೇಕು. 2002ರಲ್ಲೇ ಸಂಸ್ಥೆಯ ಪರಿಶೀಲನಾ ಸಮಿತಿಯೊಂದು ಡಬ್ಲಿನ್ ಅನ್ನು ಎರಡು ತಂಡವಾಗಿ ಒಡೆಯಬೇಕೆಂದು ಸೂಚಿಸಿತ್ತು. ಯಾರೂ ಕೈ ಹಾಕಲಿಲ್ಲ. ಬದಲಿಗೆ ನಗರದ ಮಕ್ಕಳಿಗೆ ಆಟ ಕಲಿಸಲೆಂದು ಡಬ್ಲಿನ್‌ಗೆ ಬೇರೆ ಯಾವ ಕೌಂಟಿಗೂ ಸಿಗದಷ್ಟು ಅನುದಾನ ವರ್ಷ ವರ್ಷ ಹರಿಯಿತು. ಜನಬಲದ ಜೊತೆ ಹಣಬಲ ಕೂಡಿತು. 2015ರಿಂದ 2020ರವರೆಗೆ ಡಬ್ಲಿನ್ ಸತತ ಆರು ಸಲ ಗೆದ್ದಿತು. ಅದಕ್ಕೂ ಮೊದಲು ಯಾರೂ ಸತತ ಐದು ಸಲವೂ ಗೆದ್ದಿರಲಿಲ್ಲ. 1982ರಲ್ಲಿ ಕೆರಿ ಅದರ ಹೊಸ್ತಿಲಲ್ಲಿತ್ತು. ಆಫಲಿಯ ಸೀಮಸ್ ಡಾರ್ಬಿ ಕೊನೆಯ ನಿಮಿಷಗಳಲ್ಲಿ ಹೊಡೆದ ಗೋಲು ಅದನ್ನು ತಪ್ಪಿಸಿತು.

ಜನಸಂಖ್ಯೆಯೇ ಎಲ್ಲ ಎನ್ನುವವರಿಗೆ ಕೆರಿಯವರು ತಮ್ಮ ಲೆಕ್ಕ ತೋರಿಸುತ್ತಾರೆ: 2025ರ ಗೆಲುವೂ ಸೇರಿ 39 ಕಪ್, ಡಬ್ಲಿನ್‌ನದು 31. ಇದು ಒಳ್ಳೆಯ ಉತ್ತರ, ಆದರೆ ಅರ್ಧ ಉತ್ತರ. ಕೆರಿಯಲ್ಲಿ ಫುಟ್‌ಬಾಲ್‌ಗೆ ಸಮನಾದ ಬೇರೆ ಆಟವಿಲ್ಲ, ನೂರು ವರ್ಷದ ಗೆಲುವಿನ ರೂಢಿಯಿದೆ. ಆ ರೂಢಿ ಲೀಟ್ರಿಮ್‌ಗೆ ಎಲ್ಲಿಂದ ಬರಬೇಕು?

ಲೀಟ್ರಿಮ್‌ನ ಬಗ್ಗೆ ಸ್ವಲ್ಪ ಹೇಳಲೇಬೇಕು. 1841ರಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮ ಮತ್ತು ಆಮೇಲಿನ ವಲಸೆ ಆ ನಾಡನ್ನು ಬರಿದು ಮಾಡಿದವು. 1996ರ ಹೊತ್ತಿಗೆ ಉಳಿದವರು 25 ಸಾವಿರ. ಅಷ್ಟೇ ಜನರ ನಡುವಿನಿಂದ ಎದ್ದ ತಂಡ 1994ರಲ್ಲಿ ಕಾನಾಕ್ಟ್ ಪ್ರಾಂತ್ಯದ ಫೈನಲ್‌ನಲ್ಲಿ ಮೇಯೊವನ್ನು ಸೋಲಿಸಿ, 67 ವರ್ಷಗಳ ನಂತರ ಪ್ರಾಂತ್ಯದ ಕಪ್ ಗೆದ್ದಿತು. (ಅಖಿಲ ಐರ್ಲೆಂಡ್ ಹಂತಕ್ಕೆ ಮೊದಲು ಕೌಂಟಿಗಳು ತಮ್ಮ ತಮ್ಮ ಪ್ರಾಂತ್ಯದ ಕಪ್ಪಿಗಾಗಿ ಆಡುತ್ತವೆ.) 1927ರ ತಂಡದ ನಾಯಕ ಟಾಮ್ ಗ್ಯಾನನ್ ವೇದಿಕೆಯಲ್ಲಿ ಹೊಸ ನಾಯಕ ಡೆಕ್ಲನ್ ಡಾರ್ಸಿಯ ಜೊತೆ ನಿಂತಿದ್ದರು. ಮುಂದಿನ ಪಂದ್ಯದಲ್ಲಿ ಡಬ್ಲಿನ್ ಅವರನ್ನು ಸುಲಭವಾಗಿ ಸೋಲಿಸಿತು. ಲೀಟ್ರಿಮ್‌ನವರು ಅದನ್ನು ಎತ್ತುವುದೇ ಇಲ್ಲ, ಎತ್ತಬೇಕಾಗಿಯೂ ಇಲ್ಲ.

ಊರು ಬಿಟ್ಟವರನ್ನೂ ಈ ಆಟ ಬಿಡಲಿಲ್ಲ. ಕ್ಷಾಮಕ್ಕೆ ನೂರು ವರ್ಷವಾದ 1947ರಲ್ಲಿ ಫೈನಲ್ ಪಂದ್ಯವನ್ನೇ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ಗೆ ಒಯ್ದರು. ಕ್ಯಾವನ್ ಕೆರಿಯನ್ನು ಸೋಲಿಸಿತು. ಗೊತ್ತುಮಾಡಿದ ಹೊತ್ತು ಮೀರಿ ರೇಡಿಯೊ ಸಂಪರ್ಕ ಕಡಿದುಹೋಗುವ ಭಯದಲ್ಲಿ ವೀಕ್ಷಕ ವಿವರಣೆಗಾರ ಮೀಹಾಲ್ ಓಹೆಹಿರ್ ಇನ್ನೈದು ನಿಮಿಷ ಕೊಡಿ ಎಂದು ಪ್ರಸಾರದಲ್ಲೇ ಬೇಡಿಕೊಂಡರು. ನ್ಯೂಯಾರ್ಕ್ ತಂಡ 1999ರಿಂದ ಕಾನಾಕ್ಟ್ ಚಾಂಪಿಯನ್‌ಷಿಪ್‌ನಲ್ಲಿ ಆಡುತ್ತಿದೆ. ಅದರ ಮೊದಲ ಗೆಲುವು ಬಂದದ್ದು 2023ರ ಏಪ್ರಿಲ್‌ನಲ್ಲಿ, ಪೆನಾಲ್ಟಿಯಲ್ಲಿ. ಸೋತದ್ದು ಲೀಟ್ರಿಮ್. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಕಳಿಸಿ ಸಣ್ಣದಾದ ಕೌಂಟಿ ಅಮೆರಿಕದಲ್ಲಿ ಸೋತಿತು.

ಮೇಯೊದ ದುಃಖ ಬೇರೆ. ಕಡೆಯ ಕಪ್ 1951ರದು. 1989ರಿಂದ 2021ರವರೆಗೆ ಆಡಿದ ಹನ್ನೊಂದು ವರ್ಷದ ಫೈನಲ್‌ಗಳಲ್ಲೂ ಸೋಲು. 2016ರಲ್ಲಿ ಡ್ರಾ ಆಗಿ ಮರುಪಂದ್ಯದಲ್ಲಿ ಒಂದು ಅಂಕದಿಂದ, 2017ರಲ್ಲೂ ಒಂದೇ ಅಂಕದಿಂದ, ಎರಡು ಸಲವೂ ಡಬ್ಲಿನ್ ಎದುರು. ಗೆದ್ದು ಬಂದ 1951ರ ತಂಡ ದಾರಿಯಲ್ಲಿ ಶವಯಾತ್ರೆಗೆ ಗೌರವ ತೋರದೆ ಪಾದ್ರಿಯ ಶಾಪಕ್ಕೆ ಗುರಿಯಾಯಿತೆಂಬ ಕಥೆ ಪ್ರತಿ ಸೋಲಿನ ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ. ನನಗೆ ಆ ಕಥೆ ಸೇರುವುದಿಲ್ಲ. ಅಷ್ಟು ಸಲ ಫೈನಲ್ ತಲುಪಿದ ಹುಡುಗರ ಬೆವರಿಗೆ ಅದು ಮಾಡುವ ಅನ್ಯಾಯ.

ಸಣ್ಣ ಕೌಂಟಿಗಳಿಗೆ ದಾರಿ ತೆರೆಯಲು ಪ್ರಯತ್ನಗಳೇನೋ ನಡೆದವು. 2001ರಲ್ಲಿ ಪ್ರಾಂತ್ಯದಲ್ಲಿ ಸೋತವರಿಗೂ ಎರಡನೇ ಅವಕಾಶ ಸಿಕ್ಕಿತು. 2021ರ ಅಕ್ಟೋಬರ್‌ನಲ್ಲಿ ಲೀಗ್ ಮಾದರಿಯ ಚಾಂಪಿಯನ್‌ಷಿಪ್ ಪ್ರಸ್ತಾವಕ್ಕೆ ಶೇ 50.6 ಮತ ಬಿತ್ತು; ಬೇಕಿದ್ದದ್ದು ಶೇ 60. ಮರುವರ್ಷ ಕೆಳಗಿನ ತಂಡಗಳಿಗಾಗಿ ಟಾಲ್ಟನ್ ಕಪ್ ಬಂತು.

ಡಬ್ಲಿನ್ ಇರುವ ಲೆನ್‌ಸ್ಟರ್ ಪ್ರಾಂತ್ಯದಲ್ಲಿ ಮಾತ್ರ ಏನೂ ಅಲುಗಾಡಲಿಲ್ಲ. 2011ರಿಂದ 2024ರವರೆಗೆ ಹದಿನಾಲ್ಕು ವರ್ಷವೂ ಡಬ್ಲಿನ್‌ನದೇ ಗೆಲುವು. 2023ರ ಫೈನಲ್‌ನಲ್ಲಿ ಎದುರು ನಿಂತ ಲೌತ್, ವಿಸ್ತೀರ್ಣದಲ್ಲಿ ಐರ್ಲೆಂಡಿನ ಅತಿ ಚಿಕ್ಕ ಕೌಂಟಿ, 21 ಅಂಕಗಳಿಂದ ಸೋತಿತು. 2025ರ ಏಪ್ರಿಲ್‌ನಲ್ಲಿ ಸೆಮಿಫೈನಲ್ ಕ್ರೋಕ್ ಪಾರ್ಕಿನ ಬದಲು ಪೋರ್ಟ್‌ಲೀಷ್ ಪಟ್ಟಣದಲ್ಲಿ ನಡೆಯಿತು. ಹಿತ್ತಲಿನಿಂದ ಹೊರಬಂದ ಡಬ್ಲಿನ್ ಅಲ್ಲಿ ಮೀತ್‌ಗೆ ಸೋತಿತು. ಡಬ್ಲಿನ್ ಇಲ್ಲದ ಫೈನಲ್‌ಗೆ ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಮೇ 11ರಂದು ಉತ್ತರ ಬಂತು: ಮೀತ್ ಮತ್ತು ಲೌತ್ ಆಡುವುದನ್ನು ನೋಡಲು 65 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಲೌತ್ 3-14, ಮೀತ್ 1-18. 1957ರ ನಂತರ ಮೊದಲ ಸಲ ಆ ಕಪ್ ಲೌತ್‌ನ ಗಡಿ ದಾಟಿ ಒಳಗೆ ಬಂತು.